ದಾವಣಗೆರೆಯ ಅಂಗಳಕ್ಕೆ ವಸಂತದ ಗೆಡ್ಡೆ ಹೂಗಳು: ಪಾತಿಗೆ ಯಾವುದು, ಕುಂಡಕ್ಕೆ ಯಾವುದು?

ವಿದ್ಯಾನಗರದ ಅಂಗಳ (ದಾವಣಗೆರೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಮುಂದೆ ಕಾಂಪೌಂಡ್ ಗೋಡೆಗೆ ಹೊಂದಿಕೊಂಡು ಸುಮಾರು ಇಪ್ಪತ್ತೈದು ಅಡಿ ಉದ್ದ, ಎರಡು ಅಡಿ ಅಗಲದ ಒಂದು ಪಾತಿ ಇದೆ. ಮನೆ ಕಟ್ಟುವಾಗ ತುಂಬಿಸಿದ ಎರೆಮಣ್ಣು ಅದು. ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲಿಟ್ಟರೆ ಚಪ್ಪಲಿ ಅಲ್ಲಿಯೇ ಉಳಿಯುತ್ತದೆ. ಪಾತಿಯ ಅರ್ಧಭಾಗಕ್ಕೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನೇರ ಬಿಸಿಲು ಬೀಳುತ್ತದೆ, ಉಳಿದರ್ಧ ಬೇವಿನ ಮರದ ನೆರಳಿನಲ್ಲಿದೆ. ಇದಲ್ಲದೆ ಮೆಟ್ಟಿಲ ಪಕ್ಕದಲ್ಲಿ ಇಡಲು ಮಣ್ಣಿನ ಕುಂಡಗಳೂ ಇವೆ.

ಶ್ರೀನಗರಕ್ಕೆ ಹೋಗಿಬಂದ ನೆಂಟರು ಅಲ್ಲಿನ ಟ್ಯೂಲಿಪ್ ತೋಟದ ಚಿತ್ರಗಳನ್ನು ಕಳುಹಿಸಿದಂದಿನಿಂದ ಮನೆಯವರಿಗೆಲ್ಲ ಟ್ಯೂಲಿಪ್, ಡ್ಯಾಫೊಡಿಲ್, ಹಯಸಿಂತ್ ಬೇಕೆಂಬ ಆಸೆ ಹುಟ್ಟಿದೆ. ಆನ್‌ಲೈನ್‌ನಲ್ಲಿ ಇವುಗಳ ಗೆಡ್ಡೆಗಳೂ ಬೀಜಗಳೂ ಸಿಗುತ್ತವೆ. ಇವು ನಮ್ಮ ಊರಿನ ಹವೆಗೆ ಹೂ ಬಿಡುತ್ತವೆಯೇ? ಬಿಡುವುದಿಲ್ಲವಾದರೆ, ಯುಗಾದಿಯ ಆಸುಪಾಸಿನಲ್ಲಿ ಅರಳುವಂಥ ಗೆಡ್ಡೆ ಹೂಗಳು ಬೇರೆ ಯಾವುವು? ಯಾವುದನ್ನು ಪಾತಿಯಲ್ಲಿ ನೆಡಬೇಕು, ಯಾವುದನ್ನು ಕುಂಡದಲ್ಲಿಡಬೇಕು, ಪ್ರತಿವರ್ಷ ಗೆಡ್ಡೆ ಕಿತ್ತಿಡಬೇಕೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ. ನಮ್ಮದು ಬೋರ್‌ವೆಲ್ ನೀರು, ಬಹಳ ಗಡುಸು.

ಕೋಟೆನಾಡಿನ ಕೈತೋಟ (ಚಿತ್ರದುರ್ಗ) ಬರೆದದ್ದು:

ನಮಸ್ಕಾರ. ಮೊದಲು ಟ್ಯೂಲಿಪ್ ವಿಷಯವನ್ನು ಮುಗಿಸೋಣ, ಏಕೆಂದರೆ ಉಳಿದ ಆಯ್ಕೆಯೆಲ್ಲ ಅದರಿಂದಲೇ ಸ್ಪಷ್ಟವಾಗುತ್ತದೆ.

ಅಂಗಡಿಗೆ ಬರುವ ಟ್ಯೂಲಿಪ್ ಗೆಡ್ಡೆಯನ್ನು ನಡುವೆ ಸೀಳಿ ನೋಡಿದರೆ, ಪದರಗಳ ಒಳಗೆ ಮುಂದಿನ ವರ್ಷದ ಹೂವು ಎಳೆಯ ರೂಪದಲ್ಲಿ ಆಗಲೇ ಸಿದ್ಧವಾಗಿರುವುದು ಕಾಣುತ್ತದೆ. ಆದರೆ ಆ ಹೂವನ್ನು ಹೊತ್ತು ಮೇಲೇಳುವ ದಂಟು ನೀಳವಾಗಬೇಕಾದರೆ ಗೆಡ್ಡೆಯು 12ರಿಂದ 16 ವಾರಗಳ ಕಾಲ ಹೆಚ್ಚುಕಡಿಮೆ 2ರಿಂದ 9 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಇರಲೇಬೇಕು. ಹಾಲೆಂಡಿನಲ್ಲಿಯೂ ಶ್ರೀನಗರದಲ್ಲಿಯೂ ಮಳೆಗಾಲ ಕಳೆದ ಮೇಲೆ ನೆಟ್ಟ ಗೆಡ್ಡೆಗಳು ಇಡೀ ಚಳಿಗಾಲವನ್ನು ಹೆಪ್ಪುಗಟ್ಟುವಂಥ ನೆಲದೊಳಗೆ ಕಳೆಯುತ್ತವೆ. ಆದ್ದರಿಂದಲೇ 2007ರಲ್ಲಿ ಜಬರ್ವಾನ್ ಬೆಟ್ಟದ ತಪ್ಪಲಿನಲ್ಲಿ ಆರಂಭವಾದ ಆ ತೋಟ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಮೈತುಂಬ ಅರಳುತ್ತದೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ಜನವರಿಯ ಇರುಳೂ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ, ಇಳಿದರೂ ಹಗಲಾಗುತ್ತಲೇ 28, 30 ಡಿಗ್ರಿ ಮುಟ್ಟುತ್ತದೆ. ಹೀಗಿರುವಾಗ ನೇರವಾಗಿ ನೆಟ್ಟ ಟ್ಯೂಲಿಪ್ ಎಲೆಗಳನ್ನು ಮಾತ್ರ ಹೊರಡಿಸುತ್ತದೆ, ಅಥವಾ ಮೊಗ್ಗು ಎಲೆಗಳ ಬುಡದಲ್ಲಿಯೇ ಕಮರಿಹೋಗುತ್ತದೆ. ಹಯಸಿಂತ್ ಮತ್ತು ಹೆಚ್ಚಿನ ಡ್ಯಾಫೊಡಿಲ್ ತಳಿಗಳ ಗತಿಯೂ ಇದೇ. ಇನ್ನು ಆನ್‌ಲೈನ್‌ನ ಟ್ಯೂಲಿಪ್ ಬೀಜದ ಪೊಟ್ಟಣಗಳನ್ನು ಕಣ್ಣೆತ್ತಿಯೂ ನೋಡಬೇಡಿ. ಬೀಜದಿಂದ ಬೆಳೆದ ಟ್ಯೂಲಿಪ್, ಅದಕ್ಕೆ ಒಗ್ಗುವ ಚಳಿನಾಡಿನಲ್ಲಿಯೇ, ಹೂ ಬಿಡಲು ನಾಲ್ಕೈದು ವರ್ಷವಾದರೂ ತೆಗೆದುಕೊಳ್ಳುತ್ತದೆ. ಅಚ್ಚ ನೀಲಿ ಬಣ್ಣದ ಟ್ಯೂಲಿಪ್ ಎಂಬುದಂತೂ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ, ಅದು ಚಿತ್ರದ ಮೇಲೆ ಬಳಿದ ಬಣ್ಣ ಮಾತ್ರ.

ಹಾಗೆಂದು ನಮ್ಮ ಸೀಮೆಗೆ ವಸಂತದ ಗೆಡ್ಡೆ ಹೂಗಳೇ ಇಲ್ಲವೆಂದಲ್ಲ. ಅಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಒಣಹವೆ ಮಾಡುತ್ತದೆ. ನವೆಂಬರ್‌ನಲ್ಲಿ ಹಿಂಗಾರು ಮುಗಿದಾಗಿನಿಂದ ಏಪ್ರಿಲ್‌ನ ಮೊದಲ ಮಳೆಯವರೆಗೆ ನಮ್ಮ ನೆಲ ಒಣಗಿಯೇ ಇರುತ್ತದೆಯಲ್ಲವೇ? ಆ ಅವಧಿಯಲ್ಲಿ ನಿದ್ರಿಸಿ, ನೀರು ತಾಗಿದೊಡನೆ ಎಚ್ಚರಗೊಳ್ಳುವ ಗೆಡ್ಡೆಗಳನ್ನು ಆರಿಸಿಕೊಂಡರೆ ಹವೆಯೊಡನೆ ಗುದ್ದಾಡುವ ಅಗತ್ಯವೇ ಬೀಳುವುದಿಲ್ಲ.

ಯುಗಾದಿಗೆ ನೀವು ನೆಚ್ಚಬಹುದಾದದ್ದು ನರ್ಸರಿಗಳಲ್ಲಿ ಅಮರಿಲಿಸ್ ಎಂಬ ಹೆಸರಿನಲ್ಲಿ ಮಾರುವ ಹಿಪ್ಪಿಯಾಸ್ಟ್ರಂ. ದಪ್ಪ ದಂಟಿನ ತುದಿಯಲ್ಲಿ ಮೂರು ನಾಲ್ಕು ದೊಡ್ಡ ತುತ್ತೂರಿ ಹೂಗಳು, ಕೆಂಪು, ಕಿತ್ತಳೆ, ಬಿಳಿ ಪಟ್ಟೆಯ ಕೆಂಪು. ಇದನ್ನು ಕುಂಡದಲ್ಲಿಯೇ ಬೆಳೆಸಿ, ಏಕೆಂದರೆ ಇದಕ್ಕೆ ನೀರು ಯಾವಾಗ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ನಿಮ್ಮ ಕೈಯಲ್ಲಿರಬೇಕು. ನವೆಂಬರ್ ಮಧ್ಯದಲ್ಲಿ ನೀರು ನಿಲ್ಲಿಸಿ, ಎಲೆಗಳು ಹಳದಿಯಾಗಿ ಒಣಗಲು ಬಿಟ್ಟು, ಕುಂಡವನ್ನು ಮಳೆ ತಾಗದ ಜಾಗದಲ್ಲಿ ಎರಡು ತಿಂಗಳು ಹಾಗೆಯೇ ಇರಿಸಿ. ಜನವರಿ ಕೊನೆಯಲ್ಲಿ ಮೇಲುಮಣ್ಣನ್ನು ಕೆದಕಿ, ಒಂದು ಹಿಡಿ ಎರೆಹುಳು ಗೊಬ್ಬರ ಹಾಕಿ, ಒಮ್ಮೆ ತುಂಬ ನೀರುಣಿಸಿ. ಆಮೇಲೆ ಹೂದಂಟು ಮೂಡುವವರೆಗೂ ಮಿತವಾಗಿ ನೀರು ಕೊಟ್ಟರೆ ಸಾಕು. ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಹೂ ಕಾಣುತ್ತದೆ. ಗೆಡ್ಡೆಗಿಂತ ಎರಡು ಬೆರಳು ಅಗಲವಾದ ಕುಂಡ ಇದಕ್ಕೆ ಸಾಕು, ದೊಡ್ಡ ಕುಂಡದಲ್ಲಿ ಬೇರು ತಲುಪದ ಮಣ್ಣು ಹಸಿಯಾಗಿಯೇ ಉಳಿದು ಕೊಳೆತಕ್ಕೆ ದಾರಿಯಾಗುತ್ತದೆ. ಗೆಡ್ಡೆಯ ಮೂರನೆಯ ಒಂದು ಭಾಗ, ಎಂದರೆ ಅದರ ಕುತ್ತಿಗೆಯ ಕಡೆ, ಮಣ್ಣಿನ ಮೇಲೆ ಕಾಣುತ್ತಿರಬೇಕು. ಪುಸ್ತಕಗಳಲ್ಲಿ ಬರುವ ‘ಗೆಡ್ಡೆಯ ಎತ್ತರದ ಎರಡು ಮೂರು ಪಟ್ಟು ಆಳ’ ಎಂಬ ನಿಯಮ ಟ್ಯೂಲಿಪ್, ಡ್ಯಾಫೊಡಿಲ್‌ಗಳಿಗೆ ಹೇಳಿದ್ದು, ಇದಕ್ಕೆ ಅನ್ವಯಿಸಬೇಡಿ.

ಬೇವಿನ ನೆರಳಿನ ಅರ್ಧ ಪಾತಿಗೆ ಫುಟ್‌ಬಾಲ್ ಲಿಲ್ಲಿಯನ್ನು ನೆಡಿ. ವರ್ಷಕ್ಕೆ ಒಂದೇ ಸಲ, ಏಪ್ರಿಲ್ ಕೊನೆಯಿಂದ ಮೇ ತಿಂಗಳಲ್ಲಿ, ಮೊದಲ ಹದಮಳೆ ಬಿದ್ದ ಮೇಲೆ ನೂರಕ್ಕೂ ಹೆಚ್ಚು ಸಣ್ಣ ಹೂಗಳು ಸೇರಿದ ಕೆಂಪು ಚೆಂಡು ಮೇಲೇಳುತ್ತದೆ. ಯುಗಾದಿಗೆ ಇದು ಸಿಗದು, ನಿಜ. ಆದರೆ ಒಮ್ಮೆ ನೆಟ್ಟರೆ ವರ್ಷ ವರ್ಷವೂ ಮರಿಗೆಡ್ಡೆ ಇಟ್ಟು ತಾನೇ ಹರಡಿಕೊಳ್ಳುತ್ತದೆ, ಕೀಳುವ ಕೆಲಸವಿಲ್ಲ. ಇದರ ನಡುನಡುವೆ ನೆಲಸಂಪಿಗೆಯನ್ನೂ ಸೇರಿಸಬಹುದು. ಅದು ಲಿಲ್ಲಿಯ ಜಾತಿಯದಲ್ಲ, ಅರಿಶಿಣದ ಬಳಗದ್ದು. ಆದರೆ ಬೇಸಿಗೆಯಲ್ಲಿ ಎಲೆಯೇ ಇಲ್ಲದ ನೆಲದಿಂದ ನೇರವಾಗಿ ನೇರಳೆ ಬಿಳುಪಿನ ಕಂಪಿನ ಹೂವನ್ನು ಹೊರಡಿಸುವ ಅದರ ರೀತಿಗೆ ವಿದೇಶದ ಕ್ರೋಕಸ್ ಯಾವ ಲೆಕ್ಕ ಎಂಬುದು ನನ್ನ ಪಕ್ಷಪಾತದ ಅಭಿಪ್ರಾಯ.

ಬಿಸಿಲಿನ ಅರ್ಧಕ್ಕೆ ಅಂಚಿನಲ್ಲಿ ಮಳೆ ಲಿಲ್ಲಿ, ಅದರ ಹಿಂದೆ ಸುಗಂಧರಾಜ. ಮಳೆ ಲಿಲ್ಲಿಯ ಗೆಡ್ಡೆಗಳನ್ನು ಮೂರು ನಾಲ್ಕು ಸೆಂಟಿಮೀಟರ್ ಆಳದಲ್ಲಿ, ಒಂದೊಂದಾಗಿ ಅಲ್ಲದೆ ಹತ್ತು ಹದಿನೈದರ ಗುಂಪಾಗಿ ನೆಟ್ಟರೆ, ಒಣಗಿದ ನೆಲಕ್ಕೆ ಒಳ್ಳೆಯ ಮಳೆ ಬಿದ್ದ ಮೂರು ನಾಲ್ಕು ದಿನಕ್ಕೆ ಎಲ್ಲವೂ ಒಟ್ಟಿಗೆ ಅರಳುತ್ತವೆ. ಸುಗಂಧರಾಜದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಿಡುಗಡೆ ಮಾಡಿದ ಶೃಂಗಾರ್ ಮತ್ತು ಪ್ರಜ್ವಲ್ ಒಂಟಿ ಸುತ್ತಿನವು, ಸುವಾಸಿನಿ ಮತ್ತು ವೈಭವ್ ಸುತ್ತು ಹೆಚ್ಚಿರುವವು. ಹಾರಕ್ಕೂ ಪೂಜೆಗೂ ಕಂಪಿಗೂ ಬೇಕೆಂದರೆ ಒಂಟಿ ಸುತ್ತಿನದನ್ನೇ ಆರಿಸಿ; ಎರಡು ಸೆಂಟಿಮೀಟರ್‌ಗಿಂತ ದಪ್ಪನೆಯ ಗೆಡ್ಡೆಗಳನ್ನು ಫೆಬ್ರುವರಿ ಕೊನೆಯ ನಂತರ ಐದು ಸೆಂಟಿಮೀಟರ್ ಆಳಕ್ಕೆ ನೆಟ್ಟರೆ ಮೂರು ತಿಂಗಳ ಆಸುಪಾಸಿನಲ್ಲಿ ಮೊದಲ ಹೂಗೋಲು ಬರುತ್ತದೆ.

ಗ್ಲಾಡಿಯೋಲಸ್ ಬಗ್ಗೆ ಒಂದೇ ಮಾತು. ಅಕ್ಟೋಬರ್‌ನಲ್ಲಿ ನೆಟ್ಟು, ಡಿಸೆಂಬರ್ ಕೊನೆಗೋ ಜನವರಿಗೋ ಹೂ ಪಡೆಯುವ ಹಾಗಿದ್ದರೆ ಮಾತ್ರ ನೆಡಿ. ಮಾರ್ಚ್ ಬಿಸಿಲಿಗೆ ಸಿಕ್ಕಿದರೆ ಹೂಗೋಲು ಗಿಡ್ಡವಾಗುತ್ತದೆ, ಮೊಗ್ಗು ಸುಡುತ್ತದೆ. ನಮ್ಮ ಚಿತ್ರದುರ್ಗದಲ್ಲಂತೂ, ಗಾಳಿಯಂತ್ರಗಳನ್ನು ಸುಮ್ಮನೆ ಇಲ್ಲಿ ನೆಟ್ಟಿಲ್ಲವಾದ್ದರಿಂದ, ಮುಂಗಾರಿನಲ್ಲಿ ಕೋಲು ಕಟ್ಟದೆ ಯಾವ ಎತ್ತರದ ಹೂವೂ ನಿಲ್ಲುವುದಿಲ್ಲ.

ನಿಟುವಳ್ಳಿ ಬಾಲ್ಕನಿ (ದಾವಣಗೆರೆ) ಬರೆದದ್ದು:

ಮೇಲಿನವರ ಮಾತನ್ನು ಬಹುಪಾಲು ಒಪ್ಪುತ್ತೇನೆ, ಆದರೆ ಟ್ಯೂಲಿಪ್ಪಿಗೆ ಬಾಗಿಲನ್ನು ಪೂರ್ತಿಯಾಗಿ ಮುಚ್ಚಬೇಕಾಗಿಲ್ಲ ಎಂಬುದು ನನ್ನ ತಕರಾರು. ಮನೆಯ ಮಕ್ಕಳಿಗೆ ಒಮ್ಮೆ ತೋರಿಸುವ ಆಸೆ ಇದ್ದರೆ ಫ್ರಿಜ್ಜನ್ನೇ ಚಳಿಗಾಲವನ್ನಾಗಿ ಮಾಡಿಕೊಳ್ಳಬಹುದು.

ಸೆಪ್ಟೆಂಬರ್ ಕೊನೆಯಲ್ಲಿ ಗಟ್ಟಿಯಾದ, ಕೈಗೆ ಭಾರವೆನಿಸುವ ಗೆಡ್ಡೆಗಳನ್ನು ತರಿಸಿ, ಕಾಗದದ ಚೀಲದಲ್ಲಿ ಹಾಕಿ, ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ, ಫ್ರೀಜರಿನಲ್ಲಿ ಅಲ್ಲ, ಜನವರಿ ಮೊದಲ ವಾರದವರೆಗೆ ಇಡಬೇಕು. ಅದೇ ಅಂಕಣದಲ್ಲಿ ಬಾಳೆ, ಸೇಬು, ಮಾವಿನಂಥ ಹಣ್ಣುಗಳು ಇರಲೇಕೂಡದು. ಹಣ್ಣು ಮಾಗುವಾಗ ಹೊರಬರುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಎಳೆಯ ಹೂವನ್ನು ಕೊಂದುಬಿಡುತ್ತದೆ, ಹೊರಗೆ ಗೆಡ್ಡೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಚೀಲದ ಮೇಲೆ ದೊಡ್ಡದಾಗಿ ಹೆಸರು ಬರೆದಿಡಿ, ಏಕೆಂದರೆ ಸಿಪ್ಪೆಯ ಬಣ್ಣದಿಂದ ಹಿಡಿದು ಗಾತ್ರದವರೆಗೆ ಎಲ್ಲವೂ ಸಣ್ಣ ಈರುಳ್ಳಿಯಂತೆಯೇ ಇರುತ್ತದೆ ಮತ್ತು ಅದನ್ನು ತಿಂದರೆ ಹೊಟ್ಟೆ ಕೆಡುತ್ತದೆ. ಡ್ಯಾಫೊಡಿಲ್ ಮತ್ತು ಅಮರಿಲಿಸ್ ಗೆಡ್ಡೆಗಳಲ್ಲಿ ಲೈಕೋರಿನ್ ಎಂಬ ವಿಷವೇ ಇದೆ. ಅವು ಅಡುಗೆಮನೆಯ ಹತ್ತಿರವೂ ಸುಳಿಯಬಾರದು.

ಜನವರಿಯಲ್ಲಿ ಫ್ರಿಜ್ಜಿನಿಂದ ತೆಗೆದ ಗೆಡ್ಡೆಗಳನ್ನು ಅದೇ ದಿನ ಮಣ್ಣಿನ ಕುಂಡದಲ್ಲಿ ಒತ್ತೊತ್ತಾಗಿ ನೆಟ್ಟು, ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ, ಮಧ್ಯಾಹ್ನ ತಂಪಾಗಿರುವ ಪೂರ್ವದ ಗೋಡೆಯ ಪಕ್ಕದಲ್ಲಿ ಇಡಿ. ಫೆಬ್ರುವರಿಯಲ್ಲಿ ಹೂ ಬಂದರೆ ನಾಲ್ಕೈದು ದಿನ ನಿಂತೀತು. ಆಮೇಲೆ ಆ ಗೆಡ್ಡೆಗಳ ಮೇಲೆ ಆಸೆ ಇಟ್ಟುಕೊಳ್ಳುವಂತಿಲ್ಲ: ಎಲೆಗಳು ತಂಪಿನಲ್ಲಿ ಆರೇಳು ವಾರ ಹಸಿರಾಗಿ ನಿಂತು ಮುಂದಿನ ವರ್ಷದ ಗೆಡ್ಡೆಯನ್ನು ತುಂಬಬೇಕು, ನಮ್ಮ ಮಾರ್ಚ್ ಬಿಸಿಲು ಅಷ್ಟು ದಿನ ಬಿಡುವುದಿಲ್ಲ. ಎಂದರೆ ಹಬ್ಬಕ್ಕೆ ತಂದ ಹೂಗುಚ್ಛದ ಹಾಗೆ, ಖರ್ಚು ಒಂದೇ ಸಲಕ್ಕೆ.

ಇದಕ್ಕಿಂತ ಜಾಣತನದ ದಾರಿ ಪೇಪರ್‌ವೈಟ್ ಎಂಬ ಡ್ಯಾಫೊಡಿಲ್ ಬಳಗದ ಬಿಳಿ ಹೂವು. ಅದಕ್ಕೆ ಚಳಿಯ ಶರತ್ತೇ ಇಲ್ಲ. ಒಂದು ಬೋಗುಣಿಯಲ್ಲಿ ಬೆಣಚುಕಲ್ಲು ತುಂಬಿ, ಗೆಡ್ಡೆಯ ಬುಡ ಮಾತ್ರ ನೀರಿಗೆ ತಾಗುವಂತೆ ಕೂರಿಸಿದರೂ ನಾಲ್ಕರಿಂದ ಆರು ವಾರಗಳಲ್ಲಿ ಅರಳುತ್ತದೆ. ಡಿಸೆಂಬರ್‌ನಲ್ಲಿ ಇಟ್ಟರೆ ಸಂಕ್ರಾಂತಿಗೆ ಹೂ. ಕಂಪು ಸ್ವಲ್ಪ ಗಾಢ, ಎಲ್ಲರಿಗೂ ಹಿಡಿಸುವುದಿಲ್ಲ. ನಮ್ಮ ಮನೆಯಲ್ಲಿ ಅದನ್ನು ಪಡಸಾಲೆಯಿಂದ ಬಾಲ್ಕನಿಗೆ ಗಡೀಪಾರು ಮಾಡಲಾಗಿದೆ.

ಈರುಳ್ಳಿ ಬೆಳೆಗಾರ (ಚಳ್ಳಕೆರೆ ತಾಲ್ಲೂಕು) ಬರೆದದ್ದು:

ಹೂವಿನ ವಿಷಯದಲ್ಲಿ ನಾನು ಹೆಚ್ಚು ಬಲ್ಲವನಲ್ಲ, ಗೆಡ್ಡೆಯ ವಿಷಯದಲ್ಲಿ ಬಲ್ಲೆ. ಈರುಳ್ಳಿಯೂ ಇವುಗಳಂತೆಯೇ ಪದರದ ಗೆಡ್ಡೆ. ಅದನ್ನು ಕೊಳೆಸುವುದೆಲ್ಲ ಇವುಗಳನ್ನೂ ಕೊಳೆಸುತ್ತದೆ. ಪ್ರಶ್ನೆ ಕೇಳಿದ ಮೇಡಂ ಅಥವಾ ಸರ್ ಅವರ ಪಾತಿಯ ಎರೆಮಣ್ಣಿನ ಬಗ್ಗೆ ಯಾರೂ ಹೇಳದ್ದರಿಂದ ಬರೆಯುತ್ತಿದ್ದೇನೆ.

ಎರೆಮಣ್ಣಿಗೆ ಒಂದೆರಡು ಬುಟ್ಟಿ ಮರಳು ಸುರಿದರೆ ಸಡಿಲವಾಗುತ್ತದೆ ಎಂದು ಅನೇಕರು ನಂಬುತ್ತಾರೆ. ಆಗುವುದಿಲ್ಲ. ಅಷ್ಟು ಮರಳು ಜೇಡಿಯೊಳಗೆ ಹುದುಗಿ, ಒಣಗಿದಾಗ ಮಣ್ಣು ಇನ್ನಷ್ಟು ಗಟ್ಟಿಯಾಗುತ್ತದೆ. ಅದನ್ನು ಕೆದಕುತ್ತ ಕೂರುವ ಬದಲು ಅದರ ಮೇಲೆಯೇ ಒಂದು ಅಡಿ ಎತ್ತರದ ಏರುಮಡಿ ಮಾಡಿ. ಅಂಚಿಗೆ ಇಟ್ಟಿಗೆ ಅಥವಾ ಸೈಜುಗಲ್ಲು ನಿಲ್ಲಿಸಿ, ನಡುವೆ ನೀರು ಹರಿದುಹೋಗಲು ಸಂದು ಬಿಟ್ಟು, ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಗೊಬ್ಬರ ಕಳಿತಿರಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ: ಹಸಿ ಸಗಣಿ ಗೊಬ್ಬರದ ಬಿಸಿಗೆ ಗೆಡ್ಡೆಯ ಬುಡ ಬೆಂದುಹೋಗುತ್ತದೆ, ಗೊಣ್ಣೆಹುಳುವೂ ಜೊತೆಗೆ ಬರುತ್ತದೆ. ಗೋಡೆಯ ಬುಡಕ್ಕೆ ಮಣ್ಣು ತಾಗದಂತೆ ಒಂದು ಗೇಣು ಜಾಗ ಬಿಡುವುದು ಮನೆಗೂ ಕ್ಷೇಮ.

ಕೆಮ್ಮಣ್ಣನ್ನು ಎಲ್ಲಿಂದ ತರುತ್ತೀರಿ ಎಂಬುದನ್ನೂ ವಿಚಾರಿಸಿ. ಟ್ರ್ಯಾಕ್ಟರಿನವರು ಈರುಳ್ಳಿ ಅಥವಾ ಶೇಂಗಾ ಹೊಲದ ಮಣ್ಣನ್ನು ತಂದುಹಾಕಿದರೆ ಬುಡಕೊಳೆ ರೋಗವೂ ಜೊತೆಗೆ ಬಂದಂತೆಯೇ. ಆ ಶಿಲೀಂಧ್ರ ಈರುಳ್ಳಿ, ಶೇಂಗಾ, ಸುಗಂಧರಾಜ ಎಂಬ ಭೇದ ಮಾಡುವುದಿಲ್ಲ. ಸುಗಂಧರಾಜದ ಎಲೆಗಳು ಬುಡದಲ್ಲಿ ಮೆತ್ತಗಾಗಿ ಸುಲಭವಾಗಿ ಕಿತ್ತು ಬಂದರೆ ಮಣ್ಣನ್ನು ಬೆರಳಿನಿಂದ ಸರಿಸಿ ನೋಡಿ: ಹತ್ತಿಯ ಎಳೆಯಂಥ ಬಿಳಿ ಬೂಷ್ಟು, ಅದರ ನಡುವೆ ಸಾಸಿವೆ ಕಾಳಿನ ಗಾತ್ರದ ಕಂದು ಗುಂಡುಗಳು ಕಾಣುತ್ತವೆ. ಆ ಗುಂಡುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಅಂಥ ಗಿಡವನ್ನು ಸುತ್ತಲಿನ ಒಂದು ಬೊಗಸೆ ಮಣ್ಣಿನ ಸಮೇತ ತೆಗೆದು ಸುಟ್ಟುಹಾಕಬೇಕು, ತಿಪ್ಪೆಗೆ ಹಾಕಬಾರದು. ನೆಡುವ ಮೊದಲೇ ಬೇವಿನ ಹಿಂಡಿಯೊಡನೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಬೆರೆಸಿ ಮಡಿಗೆ ಸೇರಿಸುವುದು ಒಳ್ಳೆಯದು; ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿದರೆ ಪ್ರಮಾಣವನ್ನು ತಿಳಿಸುತ್ತಾರೆ.

ಗೆಡ್ಡೆ ಕಿತ್ತಿಡುವ ವಿಷಯ. ಗ್ಲಾಡಿಯೋಲಸ್ಸನ್ನು ಹೂವಾದ ಆರರಿಂದ ಎಂಟು ವಾರಗಳ ನಂತರ, ಎಲೆ ಹಳದಿಗೆ ತಿರುಗಿದಾಗ ಕೀಳಬೇಕು. ಸುಗಂಧರಾಜವನ್ನು ಎರಡು ಮೂರು ವರ್ಷಕ್ಕೊಮ್ಮೆ ಗುಂಪು ಇಕ್ಕಟ್ಟಾದಾಗ ಕಿತ್ತು ಬಿಡಿಸಿದರೆ ಸಾಕು. ಕಿತ್ತದ್ದನ್ನು ತೊಳೆಯಬೇಡಿ. ಮಣ್ಣು ಉದುರಿಸಿ, ನೆರಳಿನಲ್ಲಿ ಗಾಳಿ ಆಡುವ ಜಾಗದಲ್ಲಿ ಒಂದು ಪದರವಾಗಿ ಹರಡಿ, ಕುತ್ತಿಗೆ ಪೂರ್ತಿ ಒಣಗುವವರೆಗೂ ಬಿಡಿ. ಕುತ್ತಿಗೆಯಲ್ಲಿ ಹಸಿ ಉಳಿದ ಈರುಳ್ಳಿ ಹೇಗೆ ಇಡೀ ಚೀಲವನ್ನು ಕೆಡಿಸುತ್ತದೋ ಇವೂ ಹಾಗೆಯೇ. ಒಣಗಿದ ಮೇಲೆ ಮಂಡಿಗೆ ಕಳಿಸುವ ಕೆಂಪು ಜಾಲರಿಯ ಈರುಳ್ಳಿ ಚೀಲದಲ್ಲಿ ತುಂಬಿ ತೂಗುಹಾಕಿ. ಪ್ಲಾಸ್ಟಿಕ್ ಡಬ್ಬಿ, ಮುಚ್ಚಿದ ಕವರ್ ಎರಡೂ ಬೇಡ. ಹದಿನೈದು ದಿನಕ್ಕೊಮ್ಮೆ ಚೀಲವನ್ನು ಹಿಚುಕಿ ನೋಡಿ, ಮೆತ್ತಗಿರುವುದನ್ನು ಹೊರಗೆಸೆಯಿರಿ.

ವಿದ್ಯಾನಗರದ ಅಂಗಳ ಬರೆದದ್ದು:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಪಾತಿಯನ್ನು ಏರುಮಡಿ ಮಾಡುವುದೆಂದು, ಟ್ಯೂಲಿಪ್ಪನ್ನು ಒಂದೇ ಒಂದು ಕುಂಡಕ್ಕೆ ಸೀಮಿತಗೊಳಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಉಳಿದಿರುವ ಸಂದೇಹ ಎರಡು. ಬೋರ್‌ವೆಲ್ ನೀರಿನಿಂದ ಕುಂಡಗಳ ಹೊರಮೈಯಲ್ಲಿ ಬಿಳಿ ಪುಡಿ ಕಟ್ಟುತ್ತದೆ. ಅದು ಗೆಡ್ಡೆಗೆ ಹಾನಿಯೇ? ಎರಡನೆಯದಾಗಿ, ಪಕ್ಕದ ಮನೆಯ ಅಮರಿಲಿಸ್ ಎಲೆಗಳನ್ನು ಮಳೆಗಾಲದಲ್ಲಿ ಯಾವುದೋ ಹುಳು ಒಂದೇ ವಾರದಲ್ಲಿ ಬುಡದವರೆಗೆ ತಿಂದು ಮುಗಿಸಿತ್ತು. ಅದು ಯಾವುದಿರಬಹುದು?

ಕೋಟೆನಾಡಿನ ಕೈತೋಟ ಬರೆದದ್ದು:

ಬಿಳಿ ಪುಡಿ ನೀರಿನಲ್ಲಿರುವ ಸುಣ್ಣ ಮತ್ತು ಇತರ ಲವಣ. ಕುಂಡದ ಹೊರಗೆ ಕಾಣುವುದು ಅಂದಕ್ಕೆ ಕೇಡೇ ಹೊರತು ಗೆಡ್ಡೆಗಲ್ಲ. ಮಣ್ಣಿನ ಮೇಲೆ ಕೆನೆಗಟ್ಟಿದರೆ ಮತ್ತು ಎಲೆಯ ತುದಿಗಳು ಕಂದಾಗಿ ಸುಟ್ಟರೆ ಮಾತ್ರ ಚಿಂತಿಸಬೇಕು. ಮೇಲಿನ ಎರಡು ಬೆರಳು ಮಣ್ಣನ್ನು ತೆಗೆದು ಹೊಸದು ಹಾಕಿ, ಮಳೆಗಾಲದಲ್ಲಿ ಕುಂಡಗಳನ್ನು ಒಂದೆರಡು ದಿನ ಬಯಲಿಗಿಟ್ಟು, ಮಳೆನೀರು ಮಣ್ಣಿನ ಮೂಲಕ ಇಳಿದು ಕೆಳಗಿನ ತೂತಿನಿಂದ ಧಾರಾಳವಾಗಿ ಹರಿದುಹೋಗಲು ಬಿಡಿ. ಚಾವಣಿಯ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದಿಡುವ ಅನುಕೂಲವಿದ್ದರೆ ಅದನ್ನು ಕುಂಡಗಳಿಗೇ ಮೀಸಲಿಡಿ. ಮಳೆಗಾಲದಲ್ಲಿ ತೆಂಗಿನ ನಾರಿನ ಪುಡಿ ತುಂಬಿದ ಕುಂಡಗಳ ಮೇಲೆ ಕಣ್ಣಿಟ್ಟಿರಿ. ನರ್ಸರಿಯವರು ಹಗುರವೆಂದು ಅದರಲ್ಲಿಯೇ ಗೆಡ್ಡೆ ನೆಟ್ಟು ಕೊಡುತ್ತಾರೆ, ಆದರೆ ಸುರಿಮಳೆಯಲ್ಲಿ ಅದು ನೀರನ್ನು ಹಿಡಿದುಕೊಂಡು ಬಿಡುವುದೇ ಇಲ್ಲ.

ಹುಳುವಿನ ವಿಷಯಕ್ಕೆ ಬಂದರೆ, ನೀವು ಹೇಳುತ್ತಿರುವುದು ಬಹುಶಃ ಲಿಲ್ಲಿ ಪತಂಗದ ಮರಿ. ಕಪ್ಪು ಮೈ, ಅದರ ಮೇಲೆ ಬಿಳಿ ಚುಕ್ಕೆ, ಕೆಂಪು ಕಲೆ. ಒಮ್ಮೆ ಕಂಡರೆ ಮರೆಯುವಂತಿಲ್ಲ. ಅಮರಿಲಿಸ್, ಮಳೆ ಲಿಲ್ಲಿ, ವಿಷಮುಂಗುಲಿ, ಗೌರಿ ಹೂವಿನ ಬಳ್ಳಿ ಎಲ್ಲವೂ ಅದಕ್ಕೆ ಊಟವೇ. ಮರಿಗಳು ಚಿಕ್ಕವಿದ್ದಾಗ ಗುಂಪಾಗಿ ಎಲೆಯ ಮೇಲ್ಪದರವನ್ನು ಕೆರೆದು ತಿನ್ನುವುದರಿಂದ ಎಲೆಯಲ್ಲಿ ಪಾರದರ್ಶಕ ಕಿಟಕಿಗಳಂಥ ತೇಪೆಗಳು ಕಾಣುತ್ತವೆ. ಆ ಹಂತದಲ್ಲಿ ಅಂಥ ಎಲೆಯನ್ನೇ ಕತ್ತರಿಸಿ ಸಾಬೂನು ನೀರಿಗೆ ಅದ್ದಿದರೆ ಮುಗಿಯಿತು. ದೊಡ್ಡವಾದ ಮೇಲೆ ಕೆಲವು ಎಲೆಯ ಬುಡದಿಂದ ಗೆಡ್ಡೆಯ ಕುತ್ತಿಗೆಯೊಳಗೂ ಇಳಿಯುತ್ತವೆ, ಆಗ ಬೇವಿನ ಎಣ್ಣೆಯ ಸಿಂಪಡಣೆ ತಲುಪುವುದಿಲ್ಲ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೆರಡು ಸಲ ಎಲೆಗಳ ಹಿಂಬದಿಯನ್ನು ತಿರುವಿ ನೋಡುವುದೇ ಸರಿಯಾದ ಉಪಾಯ. ಎಲೆ ಪೂರ್ತಿ ಹೋದರೂ ಗೆಡ್ಡೆ ಗಟ್ಟಿಯಾಗಿದ್ದರೆ ಕಿತ್ತೆಸೆಯಬೇಡಿ, ಮತ್ತೆ ಚಿಗುರುತ್ತದೆ. ಆದರೆ ಆ ವರ್ಷ ಎಲೆಗಳು ಗೆಡ್ಡೆಗೆ ಊಟ ಕೂಡಿಡದ ಕಾರಣ ಮುಂದಿನ ಯುಗಾದಿಗೆ ಹೂ ಬರುವುದು ಅನುಮಾನ.

ಎಲೆಯ ಮೇಲೆ, ಹೂದಂಟಿನ ಮೇಲೆ ಕೆಂಪು ಗೀರುಗಳೂ ಚುಕ್ಕೆಗಳೂ ಎದ್ದು, ದಂಟು ಆ ಜಾಗದಲ್ಲಿ ಬಾಗಿದರೆ ಅದು ಹುಳುವಿನದಲ್ಲ, ಕೆಂಪು ಚುಕ್ಕೆ ರೋಗ. ಅದು ಶಿಲೀಂಧ್ರದಿಂದ ಬರುವಂಥದ್ದು, ಎಲೆಯ ಮೇಲೆ ನಿಲ್ಲುವ ನೀರಿನಿಂದ ಹರಡುತ್ತದೆ. ರೋಗ ತಗಲಿದ ಎಲೆ ಕತ್ತರಿಸಿ, ಕುಂಡಗಳ ನಡುವೆ ಅಂತರ ಬಿಟ್ಟು, ಇನ್ನು ಮುಂದೆ ಬುಡಕ್ಕೆ ಮಾತ್ರ, ಅದೂ ಬೆಳಗಿನ ಹೊತ್ತು ನೀರು ಹಾಕಿ. ಗೆಡ್ಡೆ ಕೊಳ್ಳುವಾಗಲೂ ಹೊರಪದರವನ್ನು ಸ್ವಲ್ಪ ಸರಿಸಿ ನೋಡಿ, ಒಳಗೆ ಕೆಂಪು ಗಾಯದ ಗುರುತಿದ್ದರೆ ಅಂಗಡಿಯಲ್ಲಿಯೇ ಬಿಟ್ಟುಬನ್ನಿ.